ಫೆಲಿಕ್ಸ್ ಅಂಕಲ್ ಮತ್ತು ಒಂದು ಚಿಪ್ಪು ಕಾವಾ

ಚಳಿಗಾಲದ ಶನಿವಾರ, ಮೂರು ಗಂಟೆಗೇ ಹೊತ್ತು ಮುಳುಗುವಾಗ, ನಮ್ಮ ನೆಲದಡಿಯಿಂದ ಚಪ್ಪಾಳೆ ಕೇಳಿಸುತ್ತಿತ್ತು. ಮೊದಲು ಒಂದು, ಸ್ವಲ್ಪ ಬಿಟ್ಟು ಮೂರು. ಸ್ವೀಡನ್ನಿನ ಲಿಂಕೋಪಿಂಗ್‌ಗೆ ಬಂದ ಹೊಸದರಲ್ಲಿ ಕೆಳಗಿನ ಮನೆಯಲ್ಲಿ ಯಾರೋ ಭಜನೆ ಮಾಡುತ್ತಾರೆಂದುಕೊಂಡಿದ್ದೆವು. ಹೋಗಿ ನೋಡಿದರೆ ಮಂಗಳೂರಿನ ಫೆಲಿಕ್ಸ್ ಅಂಕಲ್ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಬೋಗುಣಿಯ ನೀರಿನಲ್ಲಿ ಬಟ್ಟೆಗಂಟೊಂದನ್ನು ಹಿಂಡುತ್ತಿದ್ದರು.

ಹಡಗಿನಲ್ಲಿ ಎಂಜಿನಿಯರಾಗಿದ್ದವರು. ಕೆಲವು ವರ್ಷ ಫಿಜಿಯ ಬಂದರಿನಲ್ಲಿದ್ದು, ಇಲ್ಲಿಗೆ ಬರುವಾಗ ಕಾವಾ ಕುಡಿಯುವ ಅಭ್ಯಾಸವನ್ನೂ ತಂದಿದ್ದರು. ಅದೊಂದು ಗಿಡದ ಬೇರಿನ ಪುಡಿ. ನೀರಿಗೆ ಹಿಂಡಿದರೆ ಥೇಟ್ ಬಗ್ಗಡ, ರುಚಿಯೂ ಅಷ್ಟೇ. ಒಂದು ಚಪ್ಪಾಳೆ ತಟ್ಟಿ, ತೆಂಗಿನ ಚಿಪ್ಪಿನಲ್ಲಿ ಕೊಟ್ಟದ್ದನ್ನು ಒಂದೇ ಗುಟುಕಿಗೆ ಮುಗಿಸಿ, ಮತ್ತೆ ಮೂರು ಚಪ್ಪಾಳೆ ತಟ್ಟಬೇಕು.

“ಇದು ಸಾರಾಯಿ ಅಲ್ಲ ಮಾರಾಯ. ತಲೆ ಸರಿ ಇರ್ತದೆ, ಕೈಕಾಲು ಮಾತ್ರ ರಜೆ ಹಾಕ್ತದೆ,” ಎನ್ನುತ್ತಿದ್ದರು. ಹೆಂಡತಿ ತೀರಿಕೊಂಡ ಮೇಲೆ ಅವರಿಗೆ ನಿದ್ದೆ ಕೊಟ್ಟದ್ದು ಇದೊಂದೇ ಅಂತೆ. ಆದರೆ ಕುಡಿದ ದಿನ ಕಾರಿನ ಕೀಯನ್ನು ಅಕ್ಕಿ ಡಬ್ಬದೊಳಗೆ ಹೂತುಬಿಡುತ್ತಿದ್ದರು. ರಜೆ ಹಾಕಿದ ಕಾಲು ಬ್ರೇಕಿನ ಮೇಲೆ ಬೇಡ ಎಂಬುದು ಅವರ ಕಾನೂನು.

ನನ್ನ ಹೆಂಡತಿ ಶ್ರುತಿಗೆ ದಿನ ತುಂಬುತ್ತಾ ಬಂದಾಗ ನನಗೆ ಇಲ್ಲಿನ ಲೈಸೆನ್ಸ್ ಇನ್ನೂ ಆಗಿರಲಿಲ್ಲ. “ನಾನಿದ್ದೇನಲ್ಲ, ಟ್ಯಾಕ್ಸಿ ಎಂತಕ್ಕೆ?” ಎಂದವರು ಅಂಕಲ್ಲೇ. ಮಗು ಬರುವವರೆಗೆ ಕಾವಾ ಬಂದ್ ಎಂದು ಅವಳಿಗೆ ಮಾತೂ ಕೊಟ್ಟರು. ಚಪ್ಪಾಳೆ ನಿಂತಿತು.

ಆ ಶನಿವಾರ ಬೆಳಗಿನಿಂದಲೇ ಹಿಮ. ಶ್ರುತಿಗೆ ಸಣ್ಣಗೆ ಸೊಂಟನೋವು. ಹೆರಿಗೆ ವಾರ್ಡಿಗೆ ಫೋನ್ ಮಾಡಿದರೆ, ಮಾತ್ರೆ ತಗೊಂಡು ಬಿಸಿನೀರಿನ ಸ್ನಾನ ಮಾಡಿ, ನೋವು ಹತ್ತಿರ ಹತ್ತಿರವಾದರೆ ಬನ್ನಿ ಎಂದರು. ಇಲ್ಲಿ ಎಲ್ಲರಿಗೂ ಹೇಳುವುದು ಅದನ್ನೇ. ಅವಳು ಮಲಗಿದಳು. ಕೂತಲ್ಲಿ ಕೂರಲಾಗದೆ ನಾನು ಕೆಳಗೆ ಹೋದೆ. ನನ್ನ ಚಡಪಡಿಕೆ ನೋಡಿದ ಅಂಕಲ್, “ನಿನಗೆ ಒಂದು ಚಿಪ್ಪು ಮಾಡ್ತೇನೆ, ನನಗಿಲ್ಲ,” ಎಂದು ಬೋಗುಣಿ ತೆಗೆದರು.

ಆದರೆ ಅತಿಥಿಯನ್ನು ಒಂಟಿಯಾಗಿ ಕುಡಿಯಲು ಬಿಡಬಾರದೆಂಬುದು ಅವರು ಫಿಜಿಯಲ್ಲಿ ಕಲಿತ ರೂಢಿ. ನಾನು ಕುಡಿದು ಮುಗಿಸಿದ್ದೇ ತಡ, ಅವರ ಕೈ ತನ್ನಷ್ಟಕ್ಕೆ ಇನ್ನೊಂದು ಚಿಪ್ಪು ತುಂಬಿತು, ಅವರೂ ಏರಿಸಿಬಿಟ್ಟರು. ಮೂರನೆಯ ಚಪ್ಪಾಳೆ ಆದ ಮೇಲೆಯೇ ಕೊಟ್ಟ ಮಾತು ನೆನಪಾದದ್ದು. ಎದ್ದುಹೋಗಿ ಕೀಯನ್ನು ಅಕ್ಕಿಯೊಳಗೆ ತುರುಕಿದರು.

ನನ್ನ ನಾಲಗೆ ಜೋಮು ಹಿಡಿದಿತ್ತು, ಭುಜಗಳು ಸಡಿಲವಾಗುತ್ತಿದ್ದವು. ಅಷ್ಟರಲ್ಲಿ ಶ್ರುತಿ ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಬಂದಳು.

“ನೀರು ಹೋಯ್ತು ಕಣೋ. ನೋವು ಬಿಡ್ತಾನೇ ಇಲ್ಲ.”

“ತಲೆ ಸರಿ ಇರುತ್ತೆ ಅಂತೀರಲ್ಲ ಅಂಕಲ್, ಒಂದೇ ಚಿಪ್ಪು, ಹತ್ತು ನಿಮಿಷದ ದಾರಿ,” ಎಂದು ನಾನು ಗೋಗರೆದೆ. ಅವರು ಆಗುವುದಿಲ್ಲವೆಂದು ತಲೆಯಾಡಿಸಿದರು.

ಶ್ರುತಿ ಬೋಗುಣಿ ನೋಡಿದಳು. “ನಿಮ್ಮನ್ನ ನಂಬಿದ್ದೆ ಅಂಕಲ್.”

“ನಂಬಿದ್ದಕ್ಕೇ ಕೀ ಮುಟ್ಟುವುದಿಲ್ಲ ಮಗಳೇ.”

ನನಗೆ ಸಿಟ್ಟು ನೆತ್ತಿಗೇರಿತು, ಆದರೆ ಮುಷ್ಟಿ ಬಿಗಿಹಿಡಿಯಲೂ ಕೈ ಒಪ್ಪಲಿಲ್ಲ. ಟ್ಯಾಕ್ಸಿಯವರ ಹತ್ತಿರ ನನ್ನ ಅರೆಬರೆ ಸ್ವೀಡಿಷ್ ತೊದಲಿದಾಗ ಅಂಕಲ್ ಫೋನ್ ಕಸಿದುಕೊಂಡು ವಿಳಾಸ ಹೇಳಿದರು. ಹಿಮದಿಂದಾಗಿ ತಡವಾಗುತ್ತದಂತೆ. ಅವರು ಶ್ರುತಿಯ ಮುಂದೆ ಮಂಡಿಯೂರಿ, “ಉದ್ದಕ್ಕೆ ಉಸಿರು ಬಿಡು,” ಎನ್ನುತ್ತಾ ಕೂತರು. ಅವಳು ಅವರ ಮುಖ ನೋಡಲಿಲ್ಲ. ಹೊರಗೆ ಕಾರಿನ ಬೆಳಕು ಬಿದ್ದಾಗಲೆಲ್ಲ ನಾನು ಕಿಟಕಿಗೆ ಹೋಗಿ ಬರುತ್ತಿದ್ದೆ.

ಕೊನೆಗೂ ಟ್ಯಾಕ್ಸಿ ಬಂತು. ಒಂದು ತಿರುವಿನಲ್ಲಿ ಅದೂ ಜಾರಿ ರಸ್ತೆಗೆ ಅಡ್ಡವಾಯಿತು, ಡ್ರೈವರ್ ಕೂಡಲೇ ಸರಿಮಾಡಿಕೊಂಡ. ವಾರ್ಡ್ ತಲುಪಿ ಶ್ರುತಿಯನ್ನು ಮಂಚಕ್ಕೆ ಹತ್ತಿಸುವಷ್ಟರಲ್ಲಿ ನಮ್ಮ ಮಗಳು ಹುಟ್ಟಿದಳು.

ಆಮೇಲೆ ಅಂಕಲ್ ನಮಗೆ ಮುಖ ತೋರಿಸುವುದನ್ನೇ ಬಿಟ್ಟರು. ವಸಂತದಲ್ಲಿ ಓರೆಬ್ರೂ ಪಟ್ಟಣದಲ್ಲಿದ್ದ ತಮ್ಮ ಮಗಳ ಮನೆಗೆ ಹೊರಟುಹೋದರು, ಅಲ್ಲೇ ತೀರಿಕೊಂಡರು. ಶನಿವಾರ ಬಂದರೆ ಅವರಿಲ್ಲದ್ದಕ್ಕೆ ಈಗಲೂ ಸಂಕಟವಾಗುತ್ತದೆ.

ಅವರು ಊರು ಬಿಡುವ ವಾರ ಮಗುವಿಗೆ ಚುಚ್ಚುಮದ್ದು ಹಾಕಿಸಬೇಕಿತ್ತು. ಬಸ್ಸು ನಮ್ಮ ಬಾಗಿಲಲ್ಲೇ ನಿಲ್ಲುತ್ತದೆ. ಆದರೂ ಶ್ರುತಿ ಮಗುವನ್ನೆತ್ತಿಕೊಂಡು ಕೆಳಗಿಳಿದು ಅವರ ಬಾಗಿಲು ತಟ್ಟಿದಳು.

“ಅಂಕಲ್, ನಮ್ಮನ್ನ ಕಾರಲ್ಲಿ ಬಿಟ್ಟು ಬರ್ತೀರಾ?”

“ಅವತ್ತಿನಿಂದ ನಾನು ಕಾವಾ ಮುಟ್ಟಲಿಲ್ಲ ಮಗಳೇ. ಬೇಕಾದರೆ...”

“ನಾನು ಕೇಳಿದ್ನಾ?” ಎಂದ ಶ್ರುತಿ, ಮಗುವನ್ನು ಅವರ ಕೈಗಿಟ್ಟು, ಬಗ್ಗಿ ಬೂಟಿನ ದಾರ ಕಟ್ಟಿಕೊಳ್ಳತೊಡಗಿದಳು.