ನಿಂಬೆವ್ವ ನೋಡದ ಏಳನೆಯ ಕಂತು

ನಮ್ಮ ತಂಡದಲ್ಲಿ ಓದು ಬರದವಳು ನಿಂಬೆವ್ವ ಒಬ್ಬಳೇ. ಆದರೂ ಆಕೆ ಒಪ್ಪದೆ ನಮ್ಮ ಚಿತ್ರಕಥೆಯ ಒಂದು ಕಂತೂ ಇಂಟರ್‌ನೆಟ್ಟಿಗೆ ಏರುತ್ತಿರಲಿಲ್ಲ. ಉಳಿದ ಮೂವರಲ್ಲಿ ಅನುರಾಧಾ ಮೇಡಮ್ ಆಳಂದದ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸುತ್ತಾರೆ. ಹಳ್ಳಿಗಳಿಗೆ ಹೋಗಿ ಜನರನ್ನು ಮಾತಾಡಿಸಿ ಬರೆದುಕೊಂಡು ಬರುವವರು ಅವರು. ಜೇವರ್ಗಿಯ ಪ್ರಬುದ್ಧ ಅದನ್ನು ಚಿತ್ರ ಮಾಡುತ್ತಾನೆ. ಫ್ಲೆಕ್ಸ್ ಬರುವ ಮೊದಲು ಅವನು ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅಫಜಲಪುರದ ತಸ್ಲೀಮ, ಅಂದರೆ ನಾನು, ಚಿತ್ರದೊಳಗೆ ಮಾತು ಕೂರಿಸಿ ವೆಬ್‌ಸೈಟಿಗೆ ಏರಿಸುತ್ತೇನೆ. ಕೂಲಿ, ನೀರು, ಜಾತಿ, ಇವೇ ನಮ್ಮ ವಿಷಯ.

ನಿಂಬೆವ್ವ ಮೊದಲು ಮೇಡಮ್ ಮನೆಗೆ ಬಂದದ್ದು ಕೌದಿ ಹೊಲಿಯಲು. ಮನೆಮನೆಯವರ ಹಳೆಯ ಸೀರೆ, ಧೋತರಗಳ ತುಂಡು ಜೋಡಿಸಿ ಹೊದಿಕೆ ಹೊಲಿದು ಕೊಡುತ್ತ ಊರೂರು ತಿರುಗುವುದು ಆಕೆಯ ಕೆಲಸ. ಗಂಡ ತೀರಿದ ಮೇಲೆ ಆ ಸೂಜಿಯಲ್ಲೇ ಮಗಳನ್ನು ಬೆಳೆಸಿ ಮದುವೆ ಮಾಡಿದಳು. ಪಡಸಾಲೆಯಲ್ಲಿ ಹರಡಿದ್ದ ನಮ್ಮ ಹಾಳೆಯೊಂದನ್ನು ನೋಡಿ, ಈ ಮಗ ತಾಯಿಯನ್ನು ಯಾಕೆ ಹೊಡೆಯುತ್ತಿದ್ದಾನೆ ಎಂದು ಕೇಳಿದಳು. ಪ್ರಬುದ್ಧ ಬರೆದದ್ದು ಬಿದ್ದ ತಾಯಿಯನ್ನು ಮಗ ಎಬ್ಬಿಸುವ ಚಿತ್ರ. ಅವನ ಮುಖ ಸಿಂಡರಿಸಿತು. ಆದರೆ ಸರಿಯಾಗಿ ನೋಡಿದರೆ ಹೊಡೆಯುವಂತೆಯೇ ಇತ್ತು.

ಅಂದಿನಿಂದ ಒಂದು ರೂಢಿ ಬೆಳೆಯಿತು. ಮಾತುಗಳ ಮೇಲೆ ಕಾಗದ ಮುಚ್ಚಿ ಚಿತ್ರಗಳನ್ನು ನಿಂಬೆವ್ವನ ಮುಂದಿಡುತ್ತಿದ್ದೆವು, ಏನು ನಡೆದಿದೆ ಎಂದು ಆಕೆ ಹೇಳುತ್ತಿದ್ದಳು. ಆಕೆಗೆ ತಿಳಿಯದಿದ್ದರೆ ಪ್ರಬುದ್ಧ ಮತ್ತೆ ಬರೆಯಬೇಕು. ಅವನು ಹಲ್ಲು ಕಡಿಯುತ್ತಿದ್ದ, ಆಕೆ ಎಲೆಯಡಿಕೆ ಮೆಲ್ಲುತ್ತ ಕೂತಿರುತ್ತಿದ್ದಳು.

ಏಳನೆಯ ಕಂತು ರುಕ್ಮಿಣಿಬಾಯಿಯದು. ಇದು ಆಕೆಯ ನಿಜವಾದ ಹೆಸರಲ್ಲ, ಊರಿನ ಹೆಸರಂತೂ ನಾನು ಹೇಳುವುದಿಲ್ಲ. ಆಕೆ ಈಗ ಆ ಊರು ಬಿಟ್ಟು ಮಗಳ ಹತ್ತಿರ ಇರುವುದರಿಂದಷ್ಟೇ ಇದನ್ನು ಬರೆಯುವ ಧೈರ್ಯ ಮಾಡಿದ್ದೇನೆ. ಸಾಹುಕಾರರ ಅಂಗಳದಲ್ಲಿ ತೊಗರಿ ಹಸನು ಮಾಡುವಾಗ ಉಳಿದ ಆಳುಗಳು ಚರಿಗೆ ಎತ್ತಿ ನೀರು ಕುಡಿದರೆ, ಆಕೆಯ ಓಣಿಯವರಿಗೆ ಮಾತ್ರ ಮೇಲಿನಿಂದ ಬೊಗಸೆಗೆ ಸುರಿಯುತ್ತಿದ್ದರು. ಇದನ್ನು ಹೇಳಿ ಮುಗಿಸಿ ಆಕೆ ಮೇಡಮ್ ಹತ್ತಿರ ಒಂದೇ ಮಾತು ಕೇಳಿಕೊಂಡಿದ್ದಳು.

"ನನ್ನ ಗುರ್ತ ಸಿಗಬಾರ್ದ್ರಿ ಬಾಯಾರ. ಸಿಕ್ರ ನಾಳಿಂದ ನನ್ನ ಯಾರೂ ಕೆಲ್ಸಕ್ಕ ಕರಿಯಂಗಿಲ್ಲ."

ನಾವೇನು ಕಡಿಮೆ ಎಚ್ಚರ ವಹಿಸಲಿಲ್ಲ. ಮೂಗು ಬದಲಿಸಿದೆವು, ವಯಸ್ಸು ಇಳಿಸಿದೆವು, ಗಂಡನನ್ನು ಅಣ್ಣನನ್ನಾಗಿ ಮಾಡಿದೆವು. ನಿಂಬೆವ್ವ ಆ ವಾರ ಮಗಳ ಬಾಣಂತನಕ್ಕೆಂದು ಭೂಸನೂರಿಗೆ ಹೋಗಿದ್ದಳು. ಒಂದು ಸಲ ಆಕೆ ನೋಡದಿದ್ದರೆ ಏನು ಮುಳುಗಿಹೋಗುತ್ತದೆ ಎಂದವಳು ನಾನೇ. ಬುಧವಾರ ಏರಿಸಿದೆ. ಶುಕ್ರವಾರದ ಹೊತ್ತಿಗೆ ಅದು ವಾಟ್ಸಾಪಿನಲ್ಲಿ ಎಲ್ಲಿಂದೆಲ್ಲಿಗೋ ಹೋಗಿತ್ತು, ನಾವು ಉಬ್ಬಿಹೋಗಿದ್ದೆವು.

ಭಾನುವಾರ ನಿಂಬೆವ್ವ ಬಂದಳು. ಶಾಸ್ತ್ರಕ್ಕೆಂಬಂತೆ ಮಾತು ಮುಚ್ಚಿ ಚಿತ್ರ ತೋರಿಸಿದೆವು. ಎರಡನೆಯ ಚೌಕದಲ್ಲೇ ಆಕೆಯ ಬೆರಳು ನಿಂತಿತು. ರುಕ್ಮಿಣಿಬಾಯಿಯ ಮನೆಯ ಫೋಟೊ ನೋಡಿಕೊಂಡು ಪ್ರಬುದ್ಧ ಅಲ್ಲಿ ಹಗ್ಗದ ಮೇಲಿದ್ದ ಕೌದಿಯನ್ನು ಒಂದು ತುಂಡೂ ಬಿಡದೆ ಬರೆದಿದ್ದ. ಅರ್ಧಂಬರ್ಧ ಮಾಡುವುದು ಅವನ ಜಾಯಮಾನದಲ್ಲೇ ಇಲ್ಲ.

"ಇದು ರುಕ್ಮಿಣಿ ಮನಿ," ಎಂದಳು ನಿಂಬೆವ್ವ. "ಈ ಹಸರ ತುಂಡ ಅಕಿ ಮದಿವಿ ಸೀರಿ. ಮೂಲ್ಯಾಗಿಂದು ಅಕಿ ಅತ್ತಿ ಸೀರಿ. ನಾನೇ ಹೊಲ್ದೇನಿ. ಊರ ಹೆಂಗಸ್ರಿಗಿ ಮಾರಿ ಯಾಕ ಬೇಕು, ಕೌದಿ ನೋಡಿದ್ರ ಸಾಕು."

ನಮ್ಮ ಮೂವರ ಮನೆಯಲ್ಲೂ ಕೌದಿ ಇದೆ. ಒಂದು ಮನೆಯದರಂತೆ ಇನ್ನೊಂದು ಮನೆಯದು ಇರುವುದಿಲ್ಲ ಎಂಬುದು ಒಬ್ಬರಿಗೂ ಹೊಳೆದಿರಲಿಲ್ಲ. ಕಂತನ್ನು ತಕ್ಷಣ ಅಳಿಸಿದೆ, ಆದರೆ ಜನರ ಮೊಬೈಲಿಗೆ ಹೋದದ್ದನ್ನು ಅಳಿಸಲು ಬರುತ್ತದೆಯೇ? ಮೇಡಮ್ ಫೋನ್ ಮಾಡಿದರೆ ಆ ಕಡೆ ರುಕ್ಮಿಣಿಬಾಯಿ ಅಳುತ್ತಿದ್ದಳು. ಮರುದಿನ ಬಂದು ಕಾಣಬೇಕೆಂದು ಸಾಹುಕಾರರ ಮನೆಯಿಂದ ಹೇಳಿಕಳಿಸಿದ್ದರಂತೆ.

ಮೇಡಮ್ ಕ್ಷಮೆ ಕೇಳಿ ಪತ್ರ ಬರೆಯಲು ಕೂತರು. ಪ್ರಬುದ್ಧ ಸಾಹುಕಾರರ ಮೇಲೆ ಕೇಸು ಹಾಕಬೇಕೆಂದು ಹಾರಾಡಿದ. ನಾನು ಅತ್ತೆ. ಈ ಗದ್ದಲದಲ್ಲಿ ನಿಂಬೆವ್ವ ಯಾವಾಗ ಎದ್ದುಹೋದಳೋ ಯಾರೂ ಗಮನಿಸಲಿಲ್ಲ.

ಸೋಮವಾರ ಸಂಜೆ ರುಕ್ಮಿಣಿಬಾಯಿಯೇ ಫೋನ್ ಮಾಡಿದಳು. ನಿಂಬೆವ್ವ ಬೆಳಿಗ್ಗೆ ಮೊದಲ ಬಸ್ಸಿಗೇ ಅಲ್ಲಿಗೆ ಹೋಗಿದ್ದಳಂತೆ. ಸಾಹುಕಾರರ ಅಂಗಳದಲ್ಲಿ ನಿಂತು, ಆ ಕಥೆ ಹೇಳಿದವಳು ತಾನು, ಚಿತ್ರದಲ್ಲಿರುವ ಕೌದಿಯೂ ತನ್ನದು, ರುಕ್ಮಿಣಿ ಕೊಟ್ಟ ಅರಿವೆಯಲ್ಲಿ ತುಂಡು ಉಳಿಸಿಕೊಂಡು ತನಗೂ ಅಂಥದೇ ಒಂದು ಹೊಲಿದುಕೊಂಡಿದ್ದೆ ಎಂದಳಂತೆ. ಕಥೆ ಹೇಳಿದವಳೆಂದೂ ಆದಳು, ಅರಿವೆ ಕದ್ದವಳೆಂದೂ ಆದಳು. ರುಕ್ಮಿಣಿಬಾಯಿಗೆ ಕೆಲಸ ಉಳಿಯಿತು. ಇನ್ನು ಈ ಊರಿಗೆ ಕಾಲಿಡಬೇಡ ಎಂದು ನಿಂಬೆವ್ವನನ್ನು ಕಳಿಸಿದರು. ವರ್ಷದಲ್ಲಿ ಮೂರು ತಿಂಗಳು ಆಕೆಯ ಹೊಟ್ಟೆ ನಡೆಯುತ್ತಿದ್ದುದು ಆ ಊರಿನ ಕೌದಿಗಳಿಂದ.

ಮರುದಿನ ಆಕೆ ಬಂದಾಗ ನನಗೆ ತಲೆ ಎತ್ತಲು ಆಗಲಿಲ್ಲ. ತಪ್ಪು ಮಾಡಿದವಳು ನಾನು, ನೀವು ಯಾಕೆ ಇಷ್ಟು ದೊಡ್ಡ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ಸುಳ್ಳ ಬರೇ ಕೌದಿದು ಬೇ," ಎಂದಳು. "ಹದಿನೆಂಟ ವರ್ಷ ಅದೇ ಅಂಗಳದಾಗ ಕುಂತು ಹೊಲ್ದೇನಿ. ನನಗೂ ಹಂಗೇ ಮ್ಯಾಲಿಂದ ನೀರ ಹಾಕ್ತಿದ್ರು. ನೀವು ಮೂರ ತಾಲೂಕ ತಿರಗಿ ಎಲ್ಲಾರ್ನೂ ಕೇಳಿದ್ರಿ. ನನ್ನ ಕೇಳಿಲ್ಲ."

ಆಕೆ ಯಾವ ಓಣಿಯವಳು ಎಂಬುದು ನಮಗೆ ಮೊದಲಿನಿಂದಲೂ ಗೊತ್ತಿತ್ತು. ಎರಡು ವರ್ಷ, ಪ್ರತಿ ಭಾನುವಾರ, ಆಕೆ ನಮ್ಮ ಎದುರಿಗೇ ಕೂತಿದ್ದಳು.