ಕಲಿತ ಕೆಲಸ

ನರ್ಸಿಂಗ್ ಸಹಾಯಕಿಯರ ತರಬೇತಿಯಿಂದ ಹುಡುಗಿಯರಿಗೆ ಏನು ದಕ್ಕಿತು ಎಂದು ಅಳೆಯಬೇಕಿತ್ತು. ಆಳಂದ, ಅಫಜಲಪುರ, ಜೇವರ್ಗಿ, ಮೂರೂ ತಾಲೂಕುಗಳಿಗೆ ಆ ಮೌಲ್ಯಮಾಪನದ ಯೋಜನೆ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಕಲಬುರಗಿಯಲ್ಲಿ ಫ್ಯಾನಿನ ಕೆಳಗೆ ಕೂತು ಪ್ರಶ್ನೆಗಳನ್ನು ಬರೆದೆ. ಮೊದಲನೆಯದು: ಕಲಿತ ಕೆಲಸವನ್ನು ಈಗ ಮಾಡುತ್ತಿದ್ದೀರಾ?

ಪ್ರಶ್ನೆಗಳನ್ನು ಪರೀಕ್ಷಿಸಲು ಮಾದನಹಿಪ್ಪರಗಾಕ್ಕೆ, ತರಬೇತಿ ಮುಗಿದ ಕೂಡಲೇ ಮದುವೆಯಾಗಿದ್ದ ಒಬ್ಬಳ ಮನೆಗೆ ಹೋದೆ. ಪಡಸಾಲೆಯಲ್ಲಿ ಲಕ್ವಾ ಹೊಡೆದ ಅತ್ತೆ ಮಲಗಿದ್ದರು. ಸೊಸೆ ಅವರನ್ನು ಮಗ್ಗುಲಿಗೆ ಹೊರಳಿಸಿ ಬೆನ್ನು ಒರೆಸುತ್ತಿದ್ದಳು, ತರಬೇತಿಯಲ್ಲಿ ಕಲಿಸಿದ ಹಾಗೆಯೇ.

ನಾನು ಪ್ರಶ್ನೆ ಕೇಳಿದೆ. ಅವಳು ತಲೆ ಎತ್ತಲಿಲ್ಲ.

"ದಿನಾ ಮಾಡಾಕತ್ತೇನಲ್ರಿ."

ಬಾಗಿಲಲ್ಲಿ ನಿಂತಿದ್ದ ಗಂಡನಿಗೆ ಹೆಮ್ಮೆ. "ಕನ್ಯಾ ನೋಡಾಕ ಹೋದಾಗ ಸರ್ಟಿಫಿಕೇಟ್ ನೋಡೇ ಮಾಡ್ಕೊಂಡೇವ್ರಿ. ಆಮ್ಯಾಲ ದವಾಖಾನಿಯವ್ರು ಕೆಲಸಕ್ಕ ಕರದ್ರು. ಈಕಿ ಹೋದ್ರ ನಮ್ಮವ್ವನ್ನ ನೋಡೋರು ಯಾರ್ರಿ?"

ನನ್ನ ಲೆಕ್ಕದಲ್ಲಿ ಇದಕ್ಕೆ 'ಹೌದು' ಎಂದೇ ಗುರುತು ಬೀಳುತ್ತಿತ್ತು. ಸಂಬಳ ಎಷ್ಟು ಎಂದು ಅವಳನ್ನು ಕೇಳುವ ಪ್ರಶ್ನೆಯೂ ಇತ್ತು. ಅದನ್ನು ಕೇಳಲು ನನಗೆ ಬಾಯಿ ಬರಲಿಲ್ಲ. ಪ್ರಶ್ನೆಗಳ ಹಾಳೆ ಮಡಚಿ ಎದ್ದೆ.

ಬಸ್ಸಿಗಾಗಿ ನಿಂತಿದ್ದಾಗ ಅವರ ಪಕ್ಕದ ಮನೆಯವನು ಹಿಂದೆಯೇ ಬಂದ. ಬಲು ವಿನಯದಿಂದ ಕೇಳಿದ:

"ಮೇಡಂ, ಟ್ರೇನಿಂಗ್ ಆದ ಹುಡುಗ್ಯಾರು ಇನ್ನೂ ಅದಾರೇನ್ರಿ? ನಮ್ಮಪ್ಪನೂ ಹಾಸಿಗಿ ಹಿಡದಾನ್ರಿ. ನನ್ನ ತಮ್ಮಗ ಇನ್ನೂ ಲಗ್ನ ಆಗಿಲ್ಲ."