ಹೊಳೆಯ ಮೇಲೊಂದು ಗೆರೆ

ಆಫೀಸಿನ ಮ್ಯಾಪು ಸರಿಪಡಿಸಲು ಕೂತ ಹೊಸ ಸಹೋದ್ಯೋಗಿ ಇವತ್ತು ಬೆಳಿಗ್ಗೆ ನಗು ತಡೆದುಕೊಂಡು ಕೇಳಿದಳು, “ಇದೆಂತ ಸರ್, ಹೊಳೆಯ ಮೇಲೆ ರಸ್ತೆ ಉಂಟು?” ಬಂದರಿನಲ್ಲಿ ದೋಣಿ ನಿಲ್ಲುವ ದಕ್ಕೆಯಿಂದ ಆಚೆ ದಡದ ಬೆಂಗ್ರೆಗೆ ನೀರಿನ ಮೇಲೆ ನೆಟ್ಟಗೆ ಎಳೆದ ಗೆರೆ. ಎಳೆದವರು ಸುಜಾತಕ್ಕ, ಈಗ ಉಡುಪಿ ಶಾಖೆಯಲ್ಲಿದ್ದಾರೆ.

ಮನೆಯಲ್ಲಿರುವ ರೋಗಿಗಳಿಗೆ ಆಕ್ಸಿಜನ್ ಸಿಲಿಂಡರ್ ಮುಟ್ಟಿಸುವುದು ನಮ್ಮ ಕೆಲಸ. ಗಾಡಿ ಯಾವ ದಾರಿ ಹಿಡಿಯಬೇಕೆಂದು ಪರದೆ ನೋಡಿ ಹೇಳುತ್ತೇವೆ. ನಾನಂತೂ ಹುಟ್ಟಿ ಬೆಳೆದ ಮಣ್ಣಗುಡ್ಡದಲ್ಲೂ ಫೋನು ಹೇಳದೆ ಎಡಕ್ಕೆ ತಿರುಗುವವನಲ್ಲ. ಸುಜಾತಕ್ಕ ಬೆಂಗ್ರೆಯ ಮೀನುಗಾರರ ಮನೆಯವರು. ಪರದೆಯ ಚುಕ್ಕೆಗಳೊಡನೆ ಮಾತಾಡುವ ಅಭ್ಯಾಸ ಅವರದು. ಸಿಗ್ನಲಿನಲ್ಲಿ ನಿಂತ ಚುಕ್ಕೆಗೆ “ಹೋಗು ಮಾರಾಯ” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಕೂಳೂರು ಸೇತುವೆಯಲ್ಲಿ ಟ್ಯಾಂಕರೊಂದು ಅಡ್ಡ ಬಿತ್ತು. ಎರಡು ಸಿಲಿಂಡರ್ ಹೊತ್ತ ನಮ್ಮ ವ್ಯಾನು ಹೊಳೆಯ ಈಚೆ ಸಿಕ್ಕಿಕೊಂಡಿತು, ಎರಡೂ ಮುಟ್ಟಬೇಕಾದದ್ದು ಆಚೆಗೆ. ಒಂದು ಕಾಟಿಪಳ್ಳದ ಹೆಂಗಸೊಬ್ಬರಿಗೆ, ಇನ್ನೊಂದು ಸುಜಾತಕ್ಕನ ಸ್ವಂತ ಅಪ್ಪನಿಗೆ. ಇಬ್ಬರದೂ ಮುಗಿಯುತ್ತ ಬಂದಿತ್ತು, ಕಾಟಿಪಳ್ಳದ್ದು ಇನ್ನೂ ಬೇಗ. ವ್ಯಾನು ದಕ್ಕೆಗೆ ಬಂದರೆ ಫೆರಿ ದೋಣಿಯಲ್ಲಿ ಬೆಂಗ್ರೆ ಹತ್ತಿರ. ಕಾಟಿಪಳ್ಳಕ್ಕೆ ಬಜ್ಪೆಯಾಗಿ ದೂರ ಸುತ್ತಬೇಕು, ದಕ್ಕೆಗೆ ಬಂದು ಹೋದರೆ ಇನ್ನೂ ತಡ. ಮೊದಲು ಅಪ್ಪನಿಗೆ ಕಳಿಸಿ ಎಂದು ನಾನು ಹೇಳಿಯೇ ಹೇಳಿದೆ. ಅವರು ವ್ಯಾನನ್ನು ಬಜ್ಪೆಗೆ ತಿರುಗಿಸಿದರು. ಅಪ್ಪನಿಗೆ ಫೋನು ಮಾಡಿ, ನಿಮ್ಮದು ಆಮೇಲೆ ಎಂದು ಇದ್ದದ್ದನ್ನು ಇದ್ದ ಹಾಗೆ ತಿಳಿಸಿದರು. ಫೋನು ಇಟ್ಟು ಗೋಡೌನಿನ ಕಡೆ ನಡೆದರು. ನನಗೆ ಸಿಟ್ಟು, ಇವರೆಂಥ ಮಗಳು ಅನ್ನಿಸಿತು.

ಗೋಡೌನಿನಲ್ಲಿ ಉಳಿದದ್ದು ಒಂದು ಸಣ್ಣ ಸಿಲಿಂಡರು. ವ್ಯಾನು ಸುತ್ತಿ ಬರುವವರೆಗೆ ಹೇಗೋ ಸಾಕಾಗಬಹುದೆಂದು ಅದನ್ನು ನನ್ನ ಕೈಗೆ ಕೊಟ್ಟು ದಕ್ಕೆಗೆ ರಿಕ್ಷಾ ಹತ್ತಿಸಿದರು. ರಸ್ತೆ ಬಿಟ್ಟು ದೋಣಿ ಹತ್ತಿದರೆ ನನ್ನ ಫೋನಿನ ಚುಕ್ಕೆ ಪರದೆಯಿಂದ ಮಾಯವಾಗುತ್ತದೆ. ಅದಕ್ಕೇ ಹೊಳೆಯ ಮೇಲೆ ಆ ಗೆರೆ. ಮರುದಿನ ಅದೇ ಗೆರೆಯನ್ನು ನಂಬಿ ಬಂದ ನಮ್ಮದೇ ಲಾರಿಯವನು ದಕ್ಕೆಯಲ್ಲಿ ನಿಂತು ನಮಗೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಆಮೇಲೆ ಗಾಡಿಗಳಿಗೆ ಈ ದಾರಿ ಇಲ್ಲ ಎಂದು ಗುರುತು ಹಾಕಿದರೇ ಹೊರತು ಗೆರೆ ಅಳಿಸಲಿಲ್ಲ.

ದೋಣಿಯಲ್ಲಿ ಸಿಲಿಂಡರನ್ನು ಕೂಸಿನಂತೆ ತಬ್ಬಿ ಕೂತೆ. ನಾನು ಮನೆ ಸೇರುವಾಗ ಮುದುಕರು ಉಸಿರಿಗೆ ಒದ್ದಾಡುತ್ತಿದ್ದರು. ನಳಿಗೆ ಸಿಕ್ಕಿಸಿ ಸ್ವಲ್ಪ ಹೊತ್ತಾದ ಮೇಲೆ ಕಣ್ಣು ತೆರೆದು ನನ್ನನ್ನು ನೋಡಿದರು.

“ಕಾಟಿಪಳ್ಳದವರಿಗೆ ಮುಟ್ಟಿತಾ?”

ವ್ಯಾನು ಬಜ್ಪೆ ದಾಟಿದೆ ಎಂದೆ.

“ಕಡಲಲ್ಲಿ ಎರಡು ಬೋಟಿನವರು ಕರೆದ್ರೆ, ನೀರು ನುಗ್ಗಿದ ಬೋಟಿಗೆ ಮೊದಲು ಹೋಗ್ಬೇಕು. ಇನ್ನೊಂದರಲ್ಲಿ ನಮ್ಮವರಿದ್ರೂ ಸಹ. ಅದನ್ನು ಅವಳಿಗೆ ನಾನೇ ಹೇಳಿಕೊಟ್ಟದ್ದು.”

ಕಾಟಿಪಳ್ಳಕ್ಕೆ ಮುಟ್ಟಿತೆಂದು ಸುಜಾತಕ್ಕನ ಫೋನು ಬಂದ ಮೇಲೆಯೇ ಅವರು ಕಣ್ಣು ಮುಚ್ಚಿ ನಿದ್ದೆ ಹೋದದ್ದು. ನನ್ನ ಸಿಟ್ಟು ಎಲ್ಲಿ ಹೋಯಿತೋ, ಗೊತ್ತಾಗಲಿಲ್ಲ. ಸಂಜೆ ವ್ಯಾನು ಬೆಂಗ್ರೆಗೂ ಬಂತು.

ಈಗ ಸುಜಾತಕ್ಕನ ಕುರ್ಚಿಯಲ್ಲಿ ನಾನಿದ್ದೇನೆ. ಕಾಯುವವರಿಗೆ “ಇಗೋ ಬಂತು” ಎಂದು ಸಮಾಧಾನ ಹೇಳುವುದನ್ನು ಬಿಟ್ಟಿದ್ದೇನೆ. ನಿಮಗಿಂತ ಅವಸರದವರು ಒಬ್ಬರಿದ್ದಾರೆ ಎಂದು ನೇರವಾಗಿ ಹೇಳುತ್ತೇನೆ. ಬೈಯುವವರು ಬೈಯುತ್ತಾರೆ, ನ್ಯಾಯವೇ. ಇವತ್ತು, ಗಂಡನಿಗಾಗಿ ಕಾಯುತ್ತಿದ್ದ ಒಬ್ಬರಿಗೆ ಹಾಗೆ ಹೇಳಿದೆ. ಆಕೆ, “ಆಯ್ತು, ಅವರಿಗೆ ಕೊಟ್ಟು ಬನ್ನಿ. ನಾನು ಇವರ ಕೈ ಹಿಡ್ಕೊಂಡು ಕೂತಿರ್ತೇನೆ” ಎಂದರು.